ಹೊಸ ಮನೆಗೆ ಸ್ಮಾರ್ಟ್ ಸ್ವಿಚ್, ಕ್ಯಾಮೆರಾ ಅಂತ 3 ಲಕ್ಷ 40 ಸಾವಿರ: ಕೊಡಬಹುದಾ?

ಕೋಡಿಬಾಗದವ · ಮಾರ್ಚ್ 9, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಕಾರವಾರದಲ್ಲಿ ಮನೆ ಕಟ್ಟಿಸುತ್ತಿದ್ದೇನೆ. ಸ್ಲ್ಯಾಬ್ ಆಗಿದೆ. ಮುಂದಿನ ವಾರ ಗೋಡೆ ಕೊರೆದು ವೈರಿಂಗ್ ಪೈಪ್ ಹಾಕುವ ಕೆಲಸ ಶುರು. ಸರಿಯಾಗಿ ಈ ಹೊತ್ತಿಗೇ ಒಬ್ಬರು ಬಂದು ತಲೆಗೆ ಹುಳ ಬಿಟ್ಟು ಹೋಗಿದ್ದಾರೆ.

ಇಡೀ ಮನೆ ಆಟೊಮೇಷನ್ ಮಾಡಿಕೊಡುತ್ತಾರಂತೆ. 22 ಸ್ವಿಚ್ ಬೋರ್ಡಿಗೂ ಟಚ್ ಪ್ಯಾನೆಲ್, ಗೇಟಿಗೆ ಮೋಟರ್, ಪರದೆಗೆ ಮೋಟರ್, ಬೆರಳಿಟ್ಟರೆ ತೆರೆಯುವ ಬಾಗಿಲು, ಒಳಗೂ ಹೊರಗೂ ಸೇರಿ ಆರು ಕ್ಯಾಮೆರಾ, ಮಾತಾಡಿದರೆ ದೀಪ ಹಚ್ಚುವ ಸ್ಪೀಕರ್. ಎಲ್ಲ ಸೇರಿ 3 ಲಕ್ಷ 40 ಸಾವಿರ. ಕೇಳಿದಾಗ ನಗು ಬಂತು. ಆದರೆ ರಾತ್ರಿ ಮಲಗಿದ ಮೇಲೆ ಅದೇ ಯೋಚನೆ.

ಯಾಕೆಂದರೆ ಅಪ್ಪನಿಗೆ 78, ಮಂಡಿನೋವು. ಅಮ್ಮನಿಗೆ ಕತ್ತಲಾದ ಮೇಲೆ ಕಣ್ಣು ಅಷ್ಟು ಕಾಣುವುದಿಲ್ಲ. ನಾನೂ ಹೆಂಡತಿಯೂ ಕೆಲಸಕ್ಕೆ ಹೋಗುವವರು, ಮಗಳು ಹೈಸ್ಕೂಲು. ಹಗಲೆಲ್ಲ ಮನೆಯಲ್ಲಿ ಹಿರಿಯರಿಬ್ಬರೇ.

ಇಷ್ಟು ದುಡ್ಡಿಗೆ ಇದು ತೂಗುತ್ತದಾ? ಇನ್ನೊಂದು, ಕ್ಯಾಮೆರಾ ಹ್ಯಾಕ್ ಆಗುತ್ತದೆ ಅಂತೆಲ್ಲ ಕೇಳುತ್ತೇವಲ್ಲ. ಅದು ನಮ್ಮಂಥವರ ಮನೆಗೂ ಬರುವ ಅಪಾಯವಾ, ಸುಮ್ನೆ ಹೆದರಿಸುವುದಾ? ಹಾಕಿಸಿಕೊಂಡವರು, ಹಾಕಿಸಿ ಕಿತ್ತವರು, ಇಬ್ಬರೂ ಹೇಳಿ.

ಕುಮಟಾ ವೈರ್‌ಮನ್ · ಮಾರ್ಚ್ 9, ರಾತ್ರಿ 10.25

ಪೈಪ್ ಹಾಕುವ ಮೊದಲೇ ಕೇಳಿದಿರಲ್ಲ, ಬಚಾವಾದಿರಿ. ಜಾಸ್ತಿ ಜನ ಪೇಂಟ್ ಆದ ಮೇಲೆ ಫೋನ್ ಮಾಡುತ್ತಾರೆ.

ಕೋಡಿಬಾಗ ಅಂದರೆ ಒಂದು ಕಡೆ ಕಾಳಿ ನದಿ, ಇನ್ನೊಂದು ಕಡೆ ಸಮುದ್ರ. ಉಪ್ಪುಗಾಳಿ ತಪ್ಪಿದ್ದಲ್ಲ. ಆ ಕಡೆಯ ಹಳೆ ಬೋರ್ಡ್ ಬಿಚ್ಚಿದರೆ ತಾಮ್ರದ ತಂತಿಯ ತುದಿ ಹಸಿರು ಕಿಲುಬು ಹಿಡಿದಿರುತ್ತದೆ. ಸಾದಾ ಸ್ವಿಚ್ ಆದರೆ ತುದಿ ಕತ್ತರಿಸಿ, ಹೊಸದಾಗಿ ಸಿಪ್ಪೆ ಬಿಡಿಸಿ ಸಿಕ್ಕಿಸಿದರೆ ಮುಗಿಯಿತು. ಟಚ್ ಪ್ಯಾನೆಲ್ ಒಳಗಿರುವುದು ಸರ್ಕ್ಯೂಟ್ ಬೋರ್ಡ್. ಅದಕ್ಕೆ ಕಿಲುಬು ಬಂದರೆ ಬಿಸಾಡುವುದೇ. ಇರುವೆ ಬೇರೆ. ಮಳೆಗಾಲದಲ್ಲಿ ಬೋರ್ಡಿನ ಒಳಗೆ ಬೆಚ್ಚಗಿರುತ್ತದೆ ಅಂತ ಸಂಸಾರ ಸಮೇತ ಬಂದು ಕೂರುತ್ತವೆ.

ಸಿಡಿಲಿನ ಕತೆ ನಿಮಗೂ ಗೊತ್ತು. ಮಳೆಗಾಲಕ್ಕೆ ಮುಂಚೆ ಏಪ್ರಿಲ್, ಮೇ ತಿಂಗಳ ಗುಡುಗು, ಮತ್ತೆ ಅಕ್ಟೋಬರಿನದು. ಮರುದಿನ ಬೆಳಿಗ್ಗೆ ನನಗೆ ಬರುವ ಫೋನೆಲ್ಲ ಒಂದೇ ನಮೂನೆ. ಟಿವಿ ಹೋಯಿತು, ರೌಟರ್ ಹೋಯಿತು, ಇನ್ವರ್ಟರ್ ಕೂಗುತ್ತಿದೆ. 22 ಬೋರ್ಡಿಗೂ ಎಲೆಕ್ಟ್ರಾನಿಕ್ಸ್ ತುಂಬಿದರೆ ಸಿಡಿಲಿಗೆ ಇನ್ನೂ 22 ಜಾಗ ತೋರಿಸಿಕೊಟ್ಟ ಹಾಗೆ.

ಅದಕ್ಕೆ ನಾನಾದರೆ ದುಡ್ಡನ್ನು ಮೊದಲು ನೆಲಕ್ಕೆ ಹಾಕುತ್ತೇನೆ. ಒಳ್ಳೆ ಅರ್ಥಿಂಗ್ ಗುಂಡಿ, ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿನ ಆರ್‌ಸಿಸಿಬಿ, ಪಕ್ಕದಲ್ಲಿ ಒಂದು ಎಸ್‌ಪಿಡಿ. ಆರ್‌ಸಿಸಿಬಿ ಶಾಕ್ ಹೊಡೆದಾಗ ಮನುಷ್ಯನನ್ನು ಉಳಿಸುತ್ತದೆ. ಎಸ್‌ಪಿಡಿ ಲೈನಿನಲ್ಲಿ ಬರುವ ಏರು ವೋಲ್ಟೇಜನ್ನು ಭೂಮಿಗೆ ಇಳಿಸುತ್ತದೆ. ಮನೆ ಮೇಲೇ ಸಿಡಿಲು ಬಿದ್ದರೆ ಅದೂ ಏನೂ ಮಾಡಲಾರದು. ಅರ್ಥಿಂಗ್ ಸರಿ ಇಲ್ಲದಿದ್ದರೆ ಎಸ್‌ಪಿಡಿ ಹಾಕಿದ್ದೂ ದಂಡ.

ಮತ್ತೆ ಪ್ರತಿ ಬೋರ್ಡಿಗೂ ನ್ಯೂಟ್ರಲ್ ಎಳೆಸಿ. ಪ್ಲಗ್ ಇಲ್ಲದ ಬೋರ್ಡಿಗೆ ನಮ್ಮವರು ಫೇಸ್ ಮಾತ್ರ ತರುತ್ತಾರೆ, ನ್ಯೂಟ್ರಲ್ ಸೀದಾ ದೀಪಕ್ಕೆ ಹೋಗಿರುತ್ತದೆ. ದೀಪ ಆರಿಸಿದಾಗಲೂ ಸ್ಮಾರ್ಟ್ ಸ್ವಿಚ್ ಎಚ್ಚರ ಇರಬೇಕಲ್ಲ, ಹೆಚ್ಚಿನವಕ್ಕೆ ನ್ಯೂಟ್ರಲ್ ಬೇಕೇ ಬೇಕು. ಬಾಕ್ಸ್ ಆಳದ್ದು ಹಾಕಿಸಿ. ಗೇಟಿಗೆ, ಜಗಲಿಗೆ, ಮಾಳಿಗೆಗೆ ಒಂದೊಂದು ಖಾಲಿ ಪೈಪ್ ಬಿಡಿ, ನಾಳೆ ಲ್ಯಾನ್ ಕೇಬಲ್ ಎಳೆಯಬಹುದು. ಈಗ ಕೆಲವು ಸಾವಿರ ಅಷ್ಟೇ. ಆಮೇಲೆ ಗೋಡೆ ಒಡೆಯುವುದಾದರೆ ಕೇಳಬೇಡಿ.

ನಾನೂ ಟಚ್ ಪ್ಯಾನೆಲ್ ಮಾರುತ್ತೇನೆ. ಅದರಲ್ಲಿ ಲಾಭವೂ ಇದೆ. ಆದರೂ ಹೇಳಿದೆ.

ತೋಟದಮನೆ, ಶಿರಸಿ · ಮಾರ್ಚ್ 10, ಬೆಳಿಗ್ಗೆ 6.15

ಆಟೊಮೇಷನ್ ಅಂದರೆ ಪೇಟೆಯವರ ಸೋಕಿ ಅಂದುಕೊಳ್ಳಬೇಡಿ ಮಾರಾಯ್ರೆ. ನಮ್ಮ ಕಡೆ ಅದು ಪಂಪ್‌ಸೆಟ್ಟಿಗೆ ಯಾವತ್ತೋ ಬಂದಿದೆ.

ನಮ್ಮ ಪಂಪು ಇರುವುದು ಹಳ್ಳದ ಬದಿಗೆ, ಮನೆಯಿಂದ ಒಂದು ಕಿಲೋಮೀಟರ್ ಇಳಿಜಾರು. ತ್ರೀ ಫೇಸ್ ಬರುವುದು ಹೆಚ್ಚಾಗಿ ರಾತ್ರಿ ಪಾಳಿ. ಮೊದಲು ಅಪ್ಪಯ್ಯ ಬ್ಯಾಟರಿ ಹಿಡಿದು ನಡುರಾತ್ರಿ ತೋಟ ಇಳಿಯುತ್ತಿದ್ದರು. ಎರಡು ಸಲ ಕಾಲಬುಡದಲ್ಲೇ ಕನ್ನಡಿಹಾವು ಕಂಡಿದೆ. ಮೊಬೈಲ್ ಸ್ಟಾರ್ಟರ್ ಹಾಕಿಸಿದ ಮೇಲೆ ಹಾಸಿಗೆಯಲ್ಲೇ ಫೋನ್ ಒತ್ತಿದರೆ ಪಂಪ್ ಶುರು, ಇನ್ನೊಮ್ಮೆ ಒತ್ತಿದರೆ ಬಂದ್. ಹಳ್ಳದಲ್ಲಿ ನೀರು ಆರಿದರೆ ತಾನೇ ನಿಲ್ಲುತ್ತದೆ, ಮೋಟರ್ ಸುಡುವುದಿಲ್ಲ. ನನಗೆ ಆಗ ಐದು ಸಾವಿರದ ಒಳಗೆ ಆಗಿತ್ತು. ಇದಕ್ಕಿಂತ ಲಾಭದ ಖರ್ಚು ನಾನು ಜನ್ಮದಲ್ಲಿ ಮಾಡಿಲ್ಲ.

ಸೆಕ್ಯುರಿಟಿ ಕೇಳಿದಿರಲ್ಲ, ಅದರದ್ದೂ ಒಂದು ಕತೆ ಇದೆ. ಮೊದಲಿನ ಸ್ಟಾರ್ಟರ್ ಯಾರ ಕರೆ ಬಂದರೂ ಎತ್ತುತ್ತಿತ್ತು. ಒಂದು ದಿನ ಮಟಮಟ ಮಧ್ಯಾಹ್ನ ಪಂಪ್ ಓಡುತ್ತಿದೆ. ನಾನಂತೂ ಶುರು ಮಾಡಿಲ್ಲ. ಆಮೇಲೆ ಗೊತ್ತಾಯಿತು, ಯಾರೋ ಸಾಲ ಬೇಕಾ ಅಂತ ಕೇಳುವವರು ಆ ಸಿಮ್ಮಿಗೆ ಕರೆ ಮಾಡಿದ್ದಾರೆ. ನಮ್ಮ ಪಂಪೂ ಪಾಪ, ಹೌದು ಅಂದುಬಿಟ್ಟಿದೆ. ಈಗಿನದರಲ್ಲಿ ನಾವು ಸೇರಿಸಿದ ನಂಬರಿಗೆ ಮಾತ್ರ ಓಗೊಡುತ್ತದೆ. ಸಿಮ್ಮಿಗೆ ರೀಚಾರ್ಜ್ ಮಾಡುವುದು ಮರೆತರೆ ಮತ್ತೆ ಬ್ಯಾಟರಿ ಹಿಡಿದು ಇಳಿಯುವುದೇ.

ಹೊನ್ನಾವರದಿಂದ ಬೆಂಗಳೂರು · ಮಾರ್ಚ್ 10, ಬೆಳಿಗ್ಗೆ 11.02

ಸಾಲದ ಕರೆಗೆ ಪಂಪ್ ಹೌದು ಅಂದಿದ್ದು ಚೆನ್ನಾಗಿದೆ. ನಿಜ ಹೇಳಬೇಕೆಂದರೆ ದೊಡ್ಡ ದೊಡ್ಡ ಹ್ಯಾಕ್‌ಗಳೂ ಅದೇ ಜಾತಿಯವು.

ನಾನು ನೆಟ್‌ವರ್ಕ್ ಕೆಲಸದಲ್ಲಿರುವವನು. ಹ್ಯಾಕ್ ಅಂದರೆ ಯಾರೋ ಕೋಡಿಬಾಗದ ನಿಮ್ಮ ಮನೆಯನ್ನೇ ಹುಡುಕಿ ಬರುತ್ತಾರೆ ಅಂತಲ್ಲ. ಒಂದು ಪ್ರೋಗ್ರಾಮ್ ಇಂಟರ್ನೆಟ್ಟಿನ ಬೀದಿಯಲ್ಲಿ ಮನೆಯಿಂದ ಮನೆಗೆ ಹೋಗಿ ಬಾಗಿಲು ತಳ್ಳಿ ನೋಡುತ್ತದೆ. ತೆರೆದಿದ್ದಕ್ಕೆ ನುಗ್ಗುತ್ತದೆ. 2016ರಲ್ಲಿ ಮಿರಾಯ್ ಎಂಬುದು ಮಾಡಿದ್ದು ಇದನ್ನೇ. ಅದರ ಹತ್ತಿರ ಇದ್ದಿದ್ದು ಕಂಪನಿಯವರು ಇಟ್ಟುಕೊಟ್ಟ ಹೆಸರು, ಪಾಸ್‌ವರ್ಡ್‌ಗಳ ಅರವತ್ತು ಚಿಲ್ಲರೆ ಜೋಡಿ. ಅಡ್ಮಿನ್ ಅಡ್ಮಿನ್, ರೂಟ್ 12345, ಆ ನಮೂನೆಯವು. ಅಷ್ಟರಲ್ಲೇ ಲಕ್ಷಗಟ್ಟಲೆ ಕ್ಯಾಮೆರಾ, ಡಿವಿಆರ್ (ಕ್ಯಾಮೆರಾದ ಚಿತ್ರ ರೆಕಾರ್ಡ್ ಮಾಡಿಡುವ ಡಬ್ಬಿ), ರೌಟರ್ ಅದರ ಕೈಗೆ ಸಿಕ್ಕವು. ಆ ವರ್ಷ ಅಕ್ಟೋಬರ್ 21ರಂದು ಅಂಥ ಸಾಧನಗಳೆಲ್ಲ ಒಟ್ಟಿಗೆ, ವೆಬ್‌ಸೈಟುಗಳ ವಿಳಾಸ ಹುಡುಕಿಕೊಡುವ ಡೈನ್ ಎಂಬ ಕಂಪನಿಯ ಮೇಲೆ ಮುಗಿಬಿದ್ದವು. ಟ್ವಿಟರ್, ನೆಟ್‌ಫ್ಲಿಕ್ಸ್ ಅಮೆರಿಕದ ಹಲವು ಕಡೆ ಗಂಟೆಗಟ್ಟಲೆ ತೆರೆಯಲಿಲ್ಲ. ಆ ಕ್ಯಾಮೆರಾಗಳ ಮಾಲೀಕರಿಗೆ ಏನೂ ಗೊತ್ತಾಗಲೇ ಇಲ್ಲ. ಅವರ ಮನೆಯಲ್ಲಿ ಚಿತ್ರ ಸರಿಯಾಗೇ ಬರುತ್ತಿತ್ತು!

ಪಾಸ್‌ವರ್ಡ್ ಗಟ್ಟಿ ಇಟ್ಟರೂ ಇನ್ನೊಂದು ಕಡೆಯಿಂದ ತೂತು ಬೀಳಬಹುದು. 2024ರ ಫೆಬ್ರವರಿಯಲ್ಲಿ ವೈಜ್ ಎಂಬ ಅಮೆರಿಕದ ಕ್ಯಾಮೆರಾ ಕಂಪನಿಯ ಸರ್ವರ್ ಕೆಟ್ಟು ಮತ್ತೆ ಶುರುವಾದಾಗ ಸುಮಾರು 13 ಸಾವಿರ ಗ್ರಾಹಕರಿಗೆ ಬೇರೆಯವರ ಮನೆಯ ಚಿತ್ರ ಕಂಡಿತ್ತು. ಅಲ್ಲಿ ಕಳ್ಳ ಯಾರೂ ಇರಲಿಲ್ಲ. ಕಂಪನಿಯ ಎಡವಟ್ಟು. ಕ್ಯಾಮೆರಾದ ಚಿತ್ರ ಕಂಪನಿಯ ಸರ್ವರಿಗೆ ಹೋಗುತ್ತದೆ ಅಂದಮೇಲೆ ಇದಕ್ಕೆ ನಮ್ಮ ಕಡೆ ಮದ್ದಿಲ್ಲ.

ಆದರೆ ನನಗೆ ಬಿಸಿ ಮುಟ್ಟಿದ್ದು ಇವೆರಡೂ ಅಲ್ಲ. ಊರಿನ ಮನೆಗೆ ಕ್ಯಾಮೆರಾ ಹಾಕಿಸಿ ಎರಡು ವರ್ಷ ಆಗಿತ್ತು. ಫೋನ್ ಬದಲಾಯಿಸಿದಾಗ ಆ್ಯಪ್ ಮತ್ತೆ ಹಾಕಿಕೊಳ್ಳುತ್ತೇನೆ, ಮಾಲೀಕ ನಾನಲ್ಲ. ಹಾಕಿಕೊಟ್ಟ ಹುಡುಗ ತನ್ನ ನಂಬರಿನಲ್ಲಿ ಖಾತೆ ತೆರೆದು ನನ್ನನ್ನು ಅತಿಥಿಯಾಗಿ ಸೇರಿಸಿದ್ದ. ಎರಡು ವರ್ಷ ನಮ್ಮ ಅಂಗಳ, ನಮ್ಮ ಜಗಲಿ ಅವನ ಫೋನಿನಲ್ಲಿತ್ತು. ಕೇಳಿದರೆ, 'ಸರ್, ಎಲ್ಲರಿಗೂ ಹಾಗೇ ಮಾಡುವುದು, ರಿಪೇರಿಗೆ ಸುಲಭ ಅಂತ' ಎಂದ. ಒಳ್ಳೆ ಹುಡುಗನೇ. ಆದರೆ ಅವನ ಫೋನ್ ಕಳೆದುಹೋಗಿದ್ದರೆ? ಹಾಗಾಗಿ ಹಾಕಿಸುವ ದಿನ ಎದುರು ಕೂತು ನಿಮ್ಮ ನಂಬರಿನಲ್ಲೇ ಖಾತೆ ಮಾಡಿಸಿ. ಡಿವಿಆರಿನ ಅಡ್ಮಿನ್ ಪಾಸ್‌ವರ್ಡನ್ನು ಅವನು ಹೋದ ಮೇಲೆ ಬದಲಾಯಿಸಿ. ಒಟಿಪಿ ಕೇಳುವ ಎರಡನೇ ಬೀಗ ಇದ್ದರೆ ಹಾಕಿಕೊಳ್ಳಿ. ರೌಟರಿನಲ್ಲಿ ಗೆಸ್ಟ್ ವೈಫೈ ಅಂತ ಇರುತ್ತದಲ್ಲ, ಈ ಸಾಮಾನೆಲ್ಲ ಅದರಲ್ಲಿರಲಿ. ಬ್ಯಾಂಕ್ ಕೆಲಸ ಮಾಡುವ ಫೋನ್, ಲ್ಯಾಪ್‌ಟಾಪ್ ಬೇರೆಯದರಲ್ಲಿ.

ನಮ್ಮಲ್ಲೂ ಕ್ಯಾಮೆರಾಗಳಿಗೆ ನಿಯಮ ಬಂದಿದೆ. 2024ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆ 2025ರ ಏಪ್ರಿಲ್‌ನಿಂದ ಜಾರಿಯಾಗಿದೆ. ಸಿಸಿಟಿವಿ ಕ್ಯಾಮೆರಾಗಳು ಸುರಕ್ಷತೆಯ ಪರೀಕ್ಷೆ ಪಾಸಾಗಿಯೇ ಮಾರಾಟಕ್ಕೆ ಬರಬೇಕು. ಕೊಳ್ಳುವಾಗ ಎಸ್‌ಟಿಕ್ಯೂಸಿ ಎಂಬ ಸರ್ಕಾರಿ ಪರೀಕ್ಷಾ ಸಂಸ್ಥೆಯ ಪ್ರಮಾಣಪತ್ರ ಇದೆಯಾ ಅಂತ ಕೇಳಿ. ಹಳೆ ಸ್ಟಾಕ್ ಅಗ್ಗಕ್ಕೆ ತಳ್ಳುವವರಿರುತ್ತಾರೆ.

ನಿರ್ವಾಹಕ · ಮಾರ್ಚ್ 10, ಮಧ್ಯಾಹ್ನ 12.30

ಒಬ್ಬರು ಅಂಗಡಿ ಹೆಸರು, ಫೋನ್ ನಂಬರ್ ಹಾಕಿದ್ದರು. ತೆಗೆದಿದ್ದೇನೆ. ಜಾಹೀರಾತು ಬೇಡ.

ಕೋಡಿಬಾಗದವ · ಮಾರ್ಚ್ 10, ಸಂಜೆ 7.10

ವೈರ್‌ಮನ್ ಅವರೇ, ನ್ಯೂಟ್ರಲ್ ವಿಷಯ ನಮ್ಮ ಮೇಸ್ತ್ರಿಗೆ ಇವತ್ತೇ ಹೇಳಿದೆ. 'ಅದೆಲ್ಲ ಯಾಕೆ' ಅಂದರು. ಬೇಕೇ ಬೇಕು ಅಂದೆ. ಕರೆಂಟ್ ಕೆಲಸದವರ ಹತ್ತಿರ ನಾಳೆ ನಾನೇ ನಿಂತು ಹೇಳುತ್ತೇನೆ.

ಒಂದು ಕೇಳುವುದು ಬಿಟ್ಟುಹೋಯಿತು. ಮಾರಲು ಬಂದವರು ಕರೆಂಟ್ ಬಿಲ್ಲಿನಲ್ಲೇ ಐದು ವರ್ಷದಲ್ಲಿ ದುಡ್ಡು ವಾಪಸ್ ಅಂದಿದ್ದಾರೆ. ಹೌದಾ?

ಲೆಕ್ಕದ ಮಾಸ್ತರು, ಅಂಕೋಲಾ · ಮಾರ್ಚ್ 10, ರಾತ್ರಿ 8.45

ಐದು ವರ್ಷದಲ್ಲಿ ಅಂದರೆ ತಿಂಗಳಿಗೆ ಐದು ಸಾವಿರದ ಆರುನೂರು ಚಿಲ್ಲರೆ ಉಳಿಯಬೇಕು. ನಿಮ್ಮ ಈಗಿನ ಬಿಲ್ ಎಷ್ಟು ಬರುತ್ತದೆ ಸ್ವಾಮಿ? ಬಿಲ್ಲೇ ಅಷ್ಟಿಲ್ಲದ ಮೇಲೆ ಉಳಿಯುವುದು ಎಲ್ಲಿಂದ?

ಗೃಹಜ್ಯೋತಿ ಬಂದ ಮೇಲಂತೂ ನಮ್ಮ ಕಡೆ ಎಷ್ಟೋ ಮನೆಗೆ ಹೆಸ್ಕಾಂ ಬಿಲ್ ಸೊನ್ನೆ. ಸೊನ್ನೆಯಲ್ಲಿ ಉಳಿತಾಯ ಮಾಡುವ ಯಂತ್ರ ಇನ್ನೂ ಬಂದಿಲ್ಲ. ಆದರೆ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು. ಈ ಸಾಮಾನುಗಳು ನಿಮ್ಮನ್ನು ಆ ಗೆರೆಯ ಕಡೆಗೇ ತಳ್ಳುತ್ತವೆ.

ಹೇಗೆ ಅಂದರೆ, ಟಚ್ ಪ್ಯಾನೆಲ್ ಸುಮ್ನೆ ಕೂತಾಗಲೂ ಸ್ವಲ್ಪ ಕರೆಂಟ್ ಕುಡಿಯುತ್ತದೆ. ಒಂದೊಂದಕ್ಕೆ ಒಂದು ವ್ಯಾಟ್ ಹಿಡಿಯಿರಿ. 22 ಪ್ಯಾನೆಲ್, 24 ಗಂಟೆ, 30 ದಿನ, ಸುಮಾರು 16 ಯೂನಿಟ್. ಆರು ಕ್ಯಾಮೆರಾ, ಡಿವಿಆರ್ ಸೇರಿ 40 ವ್ಯಾಟ್ ಅಂದರೆ ಇನ್ನೊಂದು 29 ಯೂನಿಟ್. ಅಲ್ಲಿಗೆ 45 ಯೂನಿಟ್ ಯಾರೂ ಸ್ವಿಚ್ ಒತ್ತದೇ ಹೋಯಿತು.

ಉಳಿಸಬೇಕಾದರೆ ಫ್ಯಾನ್ ಬದಲಾಯಿಸಿ. ಹಳೆ ಫ್ಯಾನ್ 75 ವ್ಯಾಟ್, ಬಿಎಲ್‌ಡಿಸಿ ಫ್ಯಾನ್ (ಕಡಿಮೆ ಕರೆಂಟ್ ಕುಡಿಯುವ ಹೊಸ ನಮೂನೆ ಮೋಟರಿನದು) 30 ವ್ಯಾಟ್ ಆಸುಪಾಸು. ದಿನಕ್ಕೆ 12 ಗಂಟೆ ಓಡಿದರೆ ಒಂದು ಫ್ಯಾನಿಗೆ ತಿಂಗಳಿಗೆ 16 ಯೂನಿಟ್ ಉಳಿಯಿತು. ಕಾರವಾರದ ಸೆಖೆಗೆ 12 ಗಂಟೆ ಏನು, 20 ಗಂಟೆ ಓಡುತ್ತದೆ. ಅಂಥ ಫ್ಯಾನಿಗೆ ರಿಮೋಟ್ ಜೊತೆಯಲ್ಲೇ ಬರುತ್ತದೆ. ನಿಮ್ಮ ತಂದೆಯವರು ಏಳದೇ ಫ್ಯಾನ್ ಕಡಿಮೆ ಮಾಡಬಹುದು. ಇದೂ ಆಟೊಮೇಷನ್ನೇ ಅಲ್ವಾ?

ಒಂದೇ ಒಂದು ಕಡೆ ಲಾಭ ಕಾಣುತ್ತದೆ. ಗೀಸರ್ ಆರಿಸಲು ಮರೆಯುವ ಮನೆಯಲ್ಲಿ ಟೈಮರ್. ನಮ್ಮಲ್ಲಿ ಇನ್ನೂ ಬಚ್ಚಲ ಒಲೆ. ಅದನ್ನು ಆರಿಸುವ ಆ್ಯಪ್ ಇದ್ದರೆ ತಿಳಿಸಿ.

ಯಲ್ಲಾಪುರದ ಸೊಸೆ · ಮಾರ್ಚ್ 11, ಮಧ್ಯಾಹ್ನ 2.20

ಇಲ್ಲಿ ಎಲ್ಲರೂ ಹೊರಗಿನ ಕಳ್ಳರ ಬಗ್ಗೆ ಮಾತಾಡುತ್ತಿದ್ದೀರಿ. ನಾನು ಒಳಗಿನವರ ಬಗ್ಗೆ ಹೇಳುತ್ತೇನೆ.

ನಮ್ಮ ಮನೆಯಲ್ಲಿ ಮೂರು ವರ್ಷದ ಹಿಂದೆ ಕ್ಯಾಮೆರಾ ಬಂತು. ಅಡಿಕೆ ಒಣಗಿಸುವ ಅಂಗಳಕ್ಕೆ ಒಂದು. ಅದು ಸರಿ, ಚಾಲಿ ಹರವಿದ ದಿನ ರಾತ್ರಿ ನಿದ್ದೆ ಬರುತ್ತದೆ. ಬೆಂಗಳೂರಿನಲ್ಲಿರುವ ಭಾವನವರು ಮಾವನ ಮೇಲಿನ ಕಾಳಜಿಗೆ ಅಂತ ಜಗಲಿಗೊಂದು, ಊಟದ ಮನೆಗೊಂದು ಹಾಕಿಸಿದರು. ಅಲ್ಲಿಂದ ನನ್ನ ಕಷ್ಟ ಶುರು. 'ಇವತ್ತು ಅಪ್ಪಯ್ಯನಿಗೆ ಊಟ ತಡ ಆಯಿತಲ್ಲ?' 'ಮಧ್ಯಾಹ್ನ ಬಂದವರು ಯಾರು?' 'ಗೇಟು ಹಾಕಿಲ್ಲ ನೋಡು.' ಬೈದು ಹೇಳಿದ್ದಲ್ಲ, ಕಾಳಜಿಯಿಂದಲೇ ಕೇಳಿದ್ದು. ಆದರೆ ನೈಟಿಯಲ್ಲಿ ಊಟದ ಮನೆಗೆ ಬರಲೂ ನಾಚಿಕೆ ಆಗುವಂತಾಯಿತು, ನನ್ನದೇ ಮನೆಯಲ್ಲಿ. ತವರಿನಿಂದ ಅಮ್ಮ ಬಂದಾಗ ಇಬ್ಬರೂ ಕೊಟ್ಟಿಗೆಯಲ್ಲಿ ನಿಂತು ಮಾತಾಡಿದ್ದೇವೆ. ಅಲ್ಲಿ ಕ್ಯಾಮೆರಾ ಇರಲಿಲ್ಲ.

ಕೊನೆಗೆ ಬಿಡಿಸಿದ್ದು ಮಾವನವರೇ. ಒಂದು ದಿನ ಸ್ನಾನ ಮಾಡಿ ಬಂದವರು ಒದ್ದೆ ಪಂಜಿಯನ್ನು ಸೀದಾ ತೆಗೆದುಕೊಂಡು ಹೋಗಿ ಕ್ಯಾಮೆರಾ ಮೇಲೆ ಒಣಹಾಕಿದರು. ಬೆಂಗಳೂರಿನಿಂದ ಫೋನ್ ಬಂತು, ಏನೂ ಕಾಣುತ್ತಿಲ್ಲ ಅಂತ. 'ಕಾಣಬೇಕಾದರೆ ಬಂದು ನೋಡು' ಅಂದರು. ಭಾವ ಮುಂದಿನ ವಾರ ಬಂದರು. ಎರಡು ದಿನ ಇದ್ದು ಹೋಗುವಾಗ ತಾವೇ ಕಳಚಿಕೊಂಡು ಹೋದರು. ಅಂಗಳದ್ದು ಇನ್ನೂ ಇದೆ.

ಕೋಡಿಬಾಗದವರೇ, ಒಳಗೆ ಕ್ಯಾಮೆರಾ ಹಾಕುವ ಮೊದಲು ನಿಮ್ಮ ಹೆಂಡತಿಯನ್ನೂ ಅಮ್ಮನನ್ನೂ ಕೇಳಿದ್ದೀರಾ? ಮಗಳನ್ನು?

ಹೊನ್ನಾವರದಿಂದ ಬೆಂಗಳೂರು · ಮಾರ್ಚ್ 11, ಸಂಜೆ 5.55

ಅಕ್ಕ, ನೀವು ಹೇಳಿದ್ದು ಓದಿ ನನ್ನ ಅತ್ತಿಗೆಯ ನೆನಪಾಯಿತು. ಒಪ್ಪುತ್ತೇನೆ. ಆದರೂ ಒಂದು ಮಾತು.

ಹೋದ ವರ್ಷ ಅಣ್ಣ, ಅತ್ತಿಗೆ ಮದುವೆಗೆ ಹೋಗಿದ್ದಾಗ ಮನೆಯಲ್ಲಿ ಅಮ್ಮ ಒಬ್ಬರೇ. ಫೋನ್ ಎತ್ತಲಿಲ್ಲ. ಹತ್ತು ಸಲ ಮಾಡಿದೆ. ಕ್ಯಾಮೆರಾ ತೆರೆದರೆ ಅಮ್ಮ ಜಗಲಿ ಮೆಟ್ಟಿಲಿನ ಹತ್ತಿರ ಕೂತಿದ್ದಾರೆ, ಏಳಲು ಆಗುತ್ತಿಲ್ಲ. ಪಕ್ಕದ ಮನೆಗೆ ಫೋನ್ ಮಾಡಿದೆ, ಐದು ನಿಮಿಷದಲ್ಲಿ ಬಂದರು. ಸೊಂಟ ಉಳುಕಿತ್ತು, ದೊಡ್ಡದೇನಲ್ಲ. ಆದರೆ ಕ್ಯಾಮೆರಾ ಇಲ್ಲದಿದ್ದರೆ ರಾತ್ರಿವರೆಗೆ ಹಾಗೇ ಕೂತಿರುತ್ತಿದ್ದರು. ಕಿತ್ತು ಬಿಸಾಡಲು ನನಗೆ ಮನಸ್ಸು ಬರುವುದಿಲ್ಲ.

ಯಲ್ಲಾಪುರದ ಸೊಸೆ · ಮಾರ್ಚ್ 11, ರಾತ್ರಿ 9.05

ನಿಮ್ಮ ಅಮ್ಮನಿಗೆ ಬೇಗ ಗುಣವಾಗಿದ್ದು ಸಂತೋಷ ತಮ್ಮಾ. ಆ ದಿನ ಕ್ಯಾಮೆರಾ ತೆರೆದಿದ್ದಕ್ಕೆ ಯಾರೂ ಬೇಡ ಅನ್ನುವುದಿಲ್ಲ. ಉಳಿದ 364 ದಿನ ಯಾಕೆ ತೆರೆಯಬೇಕು? ಹೊರಗಡೆ ಹೋಗುವಾಗ ಮಾತ್ರ ಪ್ಲಗ್ ಹಾಕುವ ಹಾಗೆ ಮಾಡಬಹುದಲ್ಲ. ಸ್ವಿಚ್ ಮನೆಯಲ್ಲಿ ಇರುವವರ ಕೈಯಲ್ಲಿರಲಿ, ಫೋನಿನಲ್ಲಿ ಬೇಡ.

ಹೊನ್ನಾವರದಿಂದ ಬೆಂಗಳೂರು · ಮಾರ್ಚ್ 11, ರಾತ್ರಿ 9.20

ಇದು ನನಗೆ ಹೊಳೆದೇ ಇರಲಿಲ್ಲ. ಅತ್ತಿಗೆಗೆ ಹೇಳುತ್ತೇನೆ.

ಬೈತಖೋಲದ ಹವ್ಯಾಸಿ · ಮಾರ್ಚ್ 12, ರಾತ್ರಿ 11.48

ತಡವಾಗಿ ಬಂದೆ. ನಾನು ಈ ಹುಚ್ಚು ಹತ್ತಿಸಿಕೊಂಡವನು, ಹಾಗಾಗಿ ಪರವಾಗಿ ಮಾತಾಡುತ್ತೇನೆ.

ಆಟೊಮೇಷನ್ನಿನಲ್ಲಿ ಎರಡು ಜಾತಿ ಇವೆ, ಇಲ್ಲಿ ಎಲ್ಲರೂ ಒಂದನ್ನೇ ಬೈಯುತ್ತಿದ್ದೀರಿ. ಮೊದಲನೆಯದರಲ್ಲಿ ನೀವು ಜಗಲಿಯ ದೀಪ ಹಚ್ಚು ಅಂದರೆ ಆ ಮಾತು ಎಲ್ಲೋ ದೂರದ ಸರ್ವರಿಗೆ ಹೋಗಿ, ಅಲ್ಲಿಂದ ಅಪ್ಪಣೆ ವಾಪಸ್ ಬಂದು ದೀಪ ಹತ್ತುತ್ತದೆ. ನೆಟ್ ಇಲ್ಲ ಅಂದರೆ ದೀಪಕ್ಕೂ ಫೋನಿಗೂ ಸಂಬಂಧ ಇಲ್ಲ. ಕಂಪನಿ ಮುಚ್ಚಿದರೆ ಮುಗಿದೇ ಹೋಯಿತು. ಅಮೆರಿಕದಲ್ಲಿ ಮನೆಯ ಸ್ಮಾರ್ಟ್ ಸಾಮಾನೆಲ್ಲ ನಡೆಸುವ ರಿವಾಲ್ವ್ ಅಂತ 299 ಡಾಲರಿನ ಡಬ್ಬಿ ಇತ್ತು. ಕಂಪನಿಯನ್ನು ಕೊಂಡುಕೊಂಡ ನೆಸ್ಟ್ 2016ರ ಮೇ ತಿಂಗಳಲ್ಲಿ ಸರ್ವರ್ ನಿಲ್ಲಿಸಿತು. ಡಬ್ಬಿ ಡಬ್ಬಿಯಾಗೇ ಉಳಿಯಿತು. 2022ರ ಏಪ್ರಿಲ್‌ನಲ್ಲಿ ಇನ್‌ಸ್ಟಿಯಾನ್ ಎಂಬ ಕಂಪನಿ ಒಂದು ಮಾತೂ ಹೇಳದೆ ಸರ್ವರ್ ಬಂದ್ ಮಾಡಿತು. ಆಮೇಲೆ ಅದನ್ನು ಬಳಸುತ್ತಿದ್ದ ಕೆಲವರೇ ಸೇರಿ ಕಂಪನಿ ಕೊಂಡು ಮತ್ತೆ ಶುರು ಮಾಡಿದರು ಅನ್ನುವುದು ಬೇರೆ ಮಾತು.

ಎರಡನೇ ಜಾತಿಯಲ್ಲಿ ಮೆದುಳು ಮನೆಯೊಳಗೇ ಇರುತ್ತದೆ. ನನ್ನಲ್ಲಿ ರಾಸ್ಪ್‌ಬೆರಿ ಪೈ ಅಂತ ಒಂದು ಪುಟ್ಟ ಕಂಪ್ಯೂಟರ್, ಅದರ ಮೇಲೆ ಹೋಮ್ ಅಸಿಸ್ಟೆಂಟ್. ಈ ತಂತ್ರಾಂಶಕ್ಕೆ ದುಡ್ಡಿಲ್ಲ, ಅದರ ಕೋಡ್ ಯಾರು ಬೇಕಾದರೂ ತೆರೆದು ಓದಬಹುದು. ಸ್ವಿಚ್‌ಗಳು ಜಿಗ್‌ಬೀ ಎಂಬ ಬೇರೆ ರೇಡಿಯೊದಲ್ಲಿ ಮಾತಾಡುತ್ತವೆ, ಅವಕ್ಕೆ ವೈಫೈ ಬೇಡ. ನೆಟ್ ಹೋದರೂ ಸಂಜೆ ಆರೂವರೆಗೆ ತುಳಸಿಕಟ್ಟೆಯ ದೀಪ ಹತ್ತುತ್ತದೆ. 2022ರಲ್ಲಿ ಮ್ಯಾಟರ್ ಎಂಬ ಹೊಸ ಮಾನದಂಡ ಬಂತು. ಒಂದು ಕಂಪನಿಯ ಸ್ವಿಚ್ಚು ಇನ್ನೊಂದು ಕಂಪನಿಯ ಆ್ಯಪಿನ ಜೊತೆ ಮನೆಯೊಳಗೇ ಮಾತಾಡಲಿ ಅನ್ನುವುದು ಅದರ ಉದ್ದೇಶ. ಕೊಳ್ಳುವುದಾದರೆ ಆ ಗುರುತು ಇರುವುದನ್ನು ನೋಡಿ. ನನಗೆ ಎಲ್ಲ ಸೇರಿ ಇಲ್ಲಿಯವರೆಗೆ 31 ಸಾವಿರ ಆಗಿದೆ.

ತೋಟದಮನೆ, ಶಿರಸಿ · ಮಾರ್ಚ್ 13, ಬೆಳಿಗ್ಗೆ 6.05

31 ಸಾವಿರ ಸರಿ. ಎಷ್ಟು ರಾತ್ರಿ ಆಗಿದೆ?

ಬೈತಖೋಲದ ಹವ್ಯಾಸಿ · ಮಾರ್ಚ್ 13, ಬೆಳಿಗ್ಗೆ 8.30

ಅದನ್ನು ಕೇಳಬಾರದು. ಲೆಕ್ಕ ಇಟ್ಟರೆ ಹೆಂಡತಿ ಇಟ್ಟಿರಬೇಕು.

ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. ನಾನು ಒಂದು ವಾರ ಊರಲ್ಲಿ ಇಲ್ಲದಾಗ ಪೈನ ಮೆಮೊರಿ ಕಾರ್ಡ್ ಕೆಟ್ಟಿತು. ಮನೆಯವರಿಗೆ ತುಳಸಿಕಟ್ಟೆಯ ದೀಪ ಹಚ್ಚಲು ಗೊತ್ತಾಗಲಿಲ್ಲ, ಯಾಕೆಂದರೆ ಅದಕ್ಕೆ ಕೈಯಲ್ಲಿ ಒತ್ತುವ ಸ್ವಿಚ್ಚೇ ಇಟ್ಟಿರಲಿಲ್ಲ. ಅಮ್ಮ ಎಣ್ಣೆ ದೀಪ ಇಟ್ಟರಂತೆ. ಈಗ ಎಲ್ಲದಕ್ಕೂ ಸಾದಾ ಸ್ವಿಚ್ ಇದೆ, ಸ್ಮಾರ್ಟ್ ಮಾಡ್ಯೂಲ್ ಅದರ ಹಿಂದೆ ಬಾಕ್ಸಿನೊಳಗೆ ಕೂತಿದೆ. ಟಚ್ ಪ್ಯಾನೆಲಿಗಿಂತ ಇದು ಸಾವಿರ ಪಾಲು ವಾಸಿ. ಕೆಟ್ಟರೂ ಸ್ವಿಚ್ ಸ್ವಿಚ್ಚೇ.

ಲೆಕ್ಕದ ಮಾಸ್ತರು, ಅಂಕೋಲಾ · ಮಾರ್ಚ್ 13, ಬೆಳಿಗ್ಗೆ 10.10

ಬೆರಳಿನ ಲಾಕ್ ಬಗ್ಗೆ ಯಾರೂ ಹೇಳಲಿಲ್ಲ. ನಿಮ್ಮ ತಂದೆಯವರ ಹೆಬ್ಬೆಟ್ಟನ್ನು ರೇಷನ್ ಅಂಗಡಿಯ ಯಂತ್ರ ಒಂದೇ ಸಲಕ್ಕೆ ಒಪ್ಪುತ್ತದಾ? ನನ್ನದನ್ನು ಒಪ್ಪುವುದಿಲ್ಲ. ವಯಸ್ಸಾದವರ, ಕೈ ಸವೆಸಿ ದುಡಿದವರ ಬೆರಳಗೆರೆ ಅಳಿಸಿರುತ್ತದೆ. ಮಳೆಯಲ್ಲಿ ನೆನೆದು ಬಂದು, ಒದ್ದೆ ಕೈಯಲ್ಲಿ ಬಾಗಿಲ ಎದುರು ನಿಂತು ಬೆರಳು ಒರೆಸುವುದನ್ನು ಊಹಿಸಿಕೊಳ್ಳಿ.

ಮಾತು ಕೇಳುವ ಸ್ಪೀಕರ್ ಮಗ ನನಗೊಂದು ತಂದುಕೊಟ್ಟಿದ್ದಾನೆ. ನನ್ನ ಹೆಂಡತಿ ಅದಕ್ಕೆ ಕನ್ನಡದಲ್ಲಿ 'ದೀಪ ಆರಿಸು' ಅಂದಳು. ಅದು ಏನೋ ಹಿಂದಿ ಹಾಡು ಹಾಕಿತು. ಈಗ ಅದರ ಮೇಲೆ ಕನ್ನಡಕದ ಡಬ್ಬಿ ಇಡುತ್ತೇವೆ.

ಕುಮಟಾ ವೈರ್‌ಮನ್ · ಮಾರ್ಚ್ 13, ರಾತ್ರಿ 9.50

ಗೇಟಿನ ಮೋಟರ್ ಹಾಕಿಸಿದರೆ ಕರೆಂಟ್ ಹೋದಾಗ ಕೈಯಲ್ಲಿ ಬಿಡಿಸುವ ಕೀಲಿ ಎಲ್ಲಿದೆ ಅಂತ ಮನೆಯ ಎಲ್ಲರಿಗೂ ಗೊತ್ತಿರಲಿ. ಕರೆಂಟ್ ತಯಾರಿಸುವ ಕೈಗಾ, ಕದ್ರಾ, ಸೂಪಾ ಎಲ್ಲ ನಮ್ಮ ಜಿಲ್ಲೆಯಲ್ಲೇ. ಆದರೂ ಜೂನಿನ ಒಂದು ಗಾಳಿಗೆ ಮರ ಬಿದ್ದರೆ ನಮ್ಮನೆ ಕತ್ತಲೆ.

ಹಿರಿಯರಿಗೆ ಅಂತ ಕೇಳಿದಿರಲ್ಲ, ನಾನು ಹಾಕಿಕೊಟ್ಟವುಗಳಲ್ಲಿ ಯಾರೂ ದೂರು ಹೇಳದವು ಮೂರೇ. ಮಂಚದಿಂದ ಬಚ್ಚಲಿಗೆ ಹೋಗುವ ದಾರಿಯಲ್ಲಿ, ಮೊಣಕಾಲಿನ ಎತ್ತರಕ್ಕೆ, ಯಾರಾದರೂ ಅಲುಗಾಡಿದರೆ ಹತ್ತುವ ಸಣ್ಣ ಸೆನ್ಸರ್ ದೀಪ. ಒಂದಕ್ಕೆ ನಾಲ್ಕೈದು ನೂರು. ಆಮೇಲೆ ಮಾಳಿಗೆಯ ಟ್ಯಾಂಕ್ ತುಂಬಿದರೆ ಪಂಪ್ ತಾನೇ ನಿಲ್ಲುವ ವಾಟರ್ ಲೆವೆಲ್ ಕಂಟ್ರೋಲರ್. ಮತ್ತೆ ವೈರ್‌ಲೆಸ್ ಕಾಲಿಂಗ್ ಬೆಲ್. ಗುಂಡಿಯನ್ನು ಗೇಟಿಗಲ್ಲ, ಮಂಚದ ಪಕ್ಕಕ್ಕೆ ಮತ್ತು ಬಚ್ಚಲ ಗೋಡೆಗೆ ಅಂಟಿಸುತ್ತೇನೆ, ಬಿದ್ದವರ ಕೈಗೂ ಎಟುಕುವ ಹಾಗೆ ಕೆಳಗೆ. ಮೂರಕ್ಕೂ ಇಂಟರ್ನೆಟ್ ಬೇಡ, ಪಾಸ್‌ವರ್ಡ್ ಬೇಡ. ನನಗೂ ಲಾಭ ಕಡಿಮೆ.

ಕೋಡಿಬಾಗದವ · ಮಾರ್ಚ್ 23, ರಾತ್ರಿ 10.00

ಮನೆಯಲ್ಲಿ ಕೂತು ಮಾತಾಡಿದೆವು. ಯಲ್ಲಾಪುರದ ಅಕ್ಕ ಹೇಳಿದ ಹಾಗೆ ಎಲ್ಲರನ್ನೂ ಕೇಳಿದೆ. ಹೆಂಡತಿ ಒಳಗಿನ ಕ್ಯಾಮೆರಾ ಬೇಡವೇ ಬೇಡ ಅಂದಳು. ಮಗಳು, 'ನನ್ನ ರೂಮಿನ ಹತ್ತಿರ ಬಂದರೆ ನಾನು ಅಜ್ಜಿ ಮನೆಗೆ ಹೋಗುತ್ತೇನೆ' ಅಂದಳು. ಅಮ್ಮನಿಗೆ ಬಚ್ಚಲ ದಾರಿಯ ದೀಪ ಸಾಕಂತೆ. ಅಪ್ಪ ಮಾತ್ರ ಗೇಟಿನ ಮೋಟರ್ ಬೇಕು ಅಂದರು, ನೋಡಲು ಚಂದ ಅಂತ! ಅದನ್ನು ಮುಂದಿನ ವರ್ಷಕ್ಕೆ ಹಾಕಿದ್ದೇವೆ.

ಈಗ ಆಗಿದ್ದು ಇಷ್ಟು. ಎರಡು ಅರ್ಥಿಂಗ್ ಗುಂಡಿ, ಆರ್‌ಸಿಸಿಬಿ, ಎಸ್‌ಪಿಡಿ. ಎಲ್ಲ ಬೋರ್ಡಿಗೂ ನ್ಯೂಟ್ರಲ್, ಆಳದ ಬಾಕ್ಸ್, ಮೂರು ಖಾಲಿ ಪೈಪ್. ಹೊರಗೆ ಎರಡೇ ಕ್ಯಾಮೆರಾ, ಕೇಬಲಿನದು. ರೆಕಾರ್ಡಿಂಗ್ ಮನೆಯ ಡಿಸ್ಕಿನಲ್ಲೇ, ಖಾತೆ ನನ್ನ ನಂಬರಿನಲ್ಲಿ. ಐದು ಬಿಎಲ್‌ಡಿಸಿ ಫ್ಯಾನ್, ನಾಲ್ಕು ಸೆನ್ಸರ್ ದೀಪ, ಟ್ಯಾಂಕಿನ ಕಂಟ್ರೋಲರ್, ಬೆಲ್. ಫ್ಯಾನ್ ಸೇರಿ 70 ಸಾವಿರದ ಒಳಗೆ ಬರುತ್ತದೆ. ಮಾರಲು ಬಂದವರಿಗೆ ಫೋನ್ ಮಾಡಿ ಹೇಳಿದೆ. 'ಸರ್, ಎರಡೂವರೆ ಲಕ್ಷಕ್ಕೆ ಮಾಡಿಕೊಡುತ್ತೇನೆ' ಅಂದರು. ಒಂದೇ ಮಾತಿಗೆ 90 ಸಾವಿರ ಇಳಿಯಿತು!

ಕೋಡಿಬಾಗದವ · ಜುಲೈ 18, ಸಂಜೆ 6.30

ಜೂನ್ ಮೊದಲ ವಾರ ಗೃಹಪ್ರವೇಶ ಆಯಿತು. ಮಳೆ ಜೋರು. ಕೇಳಿದವರಿಗಾಗಿ ಬರೆಯುತ್ತಿದ್ದೇನೆ.

ಜೂನ್ ಕೊನೆಯಲ್ಲಿ ಒಂದು ರಾತ್ರಿ ಜೋರು ಸಿಡಿಲು. ಪಕ್ಕದ ಮನೆಯ ಟಿವಿ ಹೋಯಿತು. ನಮ್ಮಲ್ಲಿ ಕರೆಂಟ್ ಲೈನಿಗೆ ಏನೂ ಆಗಲಿಲ್ಲ, ಆದರೆ ರೌಟರ್ ಸುಟ್ಟಿತು. ಕ್ಯಾಮೆರಾ ಕೇಬಲ್ ಹೊರಗಿಂದ ಬರುತ್ತದಲ್ಲ, ಅದರಲ್ಲಿ ಬಂದಿರಬೇಕು. ನಾಲ್ಕು ದಿನ ನೆಟ್ ಇರಲಿಲ್ಲ. ರೆಕಾರ್ಡಿಂಗ್ ಡಿಸ್ಕಿನಲ್ಲಿ ಆಗುತ್ತಲೇ ಇತ್ತು, ಫೋನಿನಲ್ಲಿ ಮಾತ್ರ ಕಾಣಲಿಲ್ಲ. ಸೆನ್ಸರ್ ದೀಪಗಳಲ್ಲಿ ಒಂದು ಪಲ್ಲಿಗೂ ಹತ್ತುತ್ತದೆ. ರಾತ್ರಿಯೆಲ್ಲ ಹಬ್ಬ.

ಬೆಲ್ ಅಮ್ಮ ಒಂದು ಸಲವೂ ಒತ್ತಿಲ್ಲ. ಅಪ್ಪ ಚಹಾ ಬೇಕಾದರೂ ಒತ್ತುತ್ತಾರೆ. ಮೊನ್ನೆ ಬೆಳಗಿನ ಜಾವ ಮೂರು ಗಂಟೆಗೆ ಹೊಡೆಯಿತು. ಓಡಿದೆವು. ಎದೆನೋವೇನೋ ಅಂದುಕೊಂಡರೆ, ಕಾಲು ಮರಗಟ್ಟಿ ಮಂಚದ ಬದಿಗೆ ಕೂತುಬಿಟ್ಟಿದ್ದರು. ಕೂಗಿದರೆ ಮಳೆ ಸದ್ದಿಗೆ ನಮಗೆ ಕೇಳುತ್ತಿರಲಿಲ್ಲ. ನಿನ್ನೆಯಿಂದ ಬೆಲ್ ಸಣ್ಣಗೆ ಕೇಳುತ್ತಿದೆ, ಗುಂಡಿ ಎರಡು ಸಲ ಒತ್ತಬೇಕು. ಕೆಟ್ಟಿತಾ?

ಕುಮಟಾ ವೈರ್‌ಮನ್ · ಜುಲೈ 18, ರಾತ್ರಿ 8.15

ಎರಡು ಸಲ ಒತ್ತಬೇಕು ಅಂದರೆ ಗುಂಡಿಯ ಸೆಲ್ ಮುಗಿದಿದೆ. ಸದ್ದು ಸಣ್ಣ ಆಗಿದ್ದಕ್ಕೆ ಬೆಲ್ಲಿನ ಬದಿಯ ವಾಲ್ಯೂಮ್ ನೋಡಿ, ಯಾರೋ ಕಡಿಮೆ ಮಾಡಿರುತ್ತಾರೆ. ಹಿಂದಿನ ಮುಚ್ಚಳ ಉಗುರಿನಲ್ಲಿ ಎಬ್ಬಿಸಿ. ಒಳಗೆ ಕಿರುಬೆರಳ ತುದಿಯಷ್ಟು ದಪ್ಪದ ಸೆಲ್ ಇರುತ್ತದೆ, ಅದರ ಮೇಲೆ 23ಎ, 12 ವೋಲ್ಟ್ ಅಂತ ಬರೆದಿರುತ್ತದೆ. ವಾಚ್ ರಿಪೇರಿ ಅಂಗಡಿಯಲ್ಲಿ ಕೇಳಿ. ನಾಲ್ಕು ತನ್ನಿ. ಚಹಾಕ್ಕೆ ಒತ್ತುವವರು ಮನೆಯಲ್ಲಿದ್ದಾರೆ ಅಂದಿರಲ್ಲ.